ತಂಡದೊಡನೆ ಬೆಟ್ಟಕ್ಕೆ

ಬೆಟ್ಟ ಹತ್ತುವುದು ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಹೊಸ ಸಂಗತಿಯೇನಲ್ಲ. ಕರಾವಳಿಯ ಉಪ್ಪು ಎತ್ತಿನ ಹೇರುಗಳ ಮೇಲೆ ಘಟ್ಟವನ್ನೇರುತ್ತಿದ್ದ ಕಾಲವಿತ್ತು. ಘಟ್ಟದ ಮೇಲಿನ ಮೆಣಸು ಅದೇ ದಾರಿಯಿಂದ ಬಂದರಿಗೆ ಇಳಿಯುತ್ತಿತ್ತು. ಭಾರತ ಹುಣ್ಣಿಮೆಯ ಹೊತ್ತಿಗೆ ಧಾರವಾಡ, ಬೆಳಗಾವಿ ಸೀಮೆಯ ಭಕ್ತರು ಚಕ್ಕಡಿ ಹೂಡಿಕೊಂಡೋ ಕಾಲ್ನಡಿಗೆಯಲ್ಲಿಯೋ ಜೋಯಿಡಾದ ಕಾಡನ್ನು ಹಾಯ್ದು ಉಳವಿಯ ಚೆನ್ನಬಸವಣ್ಣನ ಜಾತ್ರೆಗೆ ಬರುವುದು ಇಂದಿಗೂ ನಿಂತಿಲ್ಲ. ಆದರೆ ವ್ಯಾಪಾರಿಗೆ ಬೆಟ್ಟವೆಂಬುದು ದಾಟಬೇಕಾದ ಒಂದು ಅಡ್ಡಿಯಾಗಿತ್ತು. ಭಕ್ತನಿಗೆ ಅದು ದೇವರೆಡೆಗೆ ಒಯ್ಯುವ ಮೆಟ್ಟಿಲು. ಇತ್ತ ವ್ಯಾಪಾರವೂ ಇಲ್ಲದೆ, ಅತ್ತ ಹರಕೆಯೂ ಇಲ್ಲದೆ, ಬೆಟ್ಟವನ್ನು ಬೆಟ್ಟಕ್ಕಾಗಿಯೇ ನಡೆದು ನೋಡುವ ಹವ್ಯಾಸ ಮಾತ್ರ ನಮ್ಮಲ್ಲಿ ಇತ್ತೀಚಿನದು. ಅದಕ್ಕೆ ನಾವು ಚಾರಣವೆಂಬ ಹೆಸರನ್ನಿಟ್ಟಿದ್ದೇವೆ.

ಈ ಚಾರಣದಲ್ಲಿ ಒಂದು ವಿಶೇಷ ಬಗೆಯಿದೆ. ಪರಸ್ಪರ ಪರಿಚಯವಿಲ್ಲದ ಹತ್ತು ಹದಿನೈದು ಮಂದಿ, ಅನುಮತಿ ಪಡೆದು, ಆ ಕಾಡನ್ನು ಬಲ್ಲ ಮಾರ್ಗದರ್ಶಿಯೊಬ್ಬನ ಹಿಂದೆ, ರಾಷ್ಟ್ರೀಯ ಉದ್ಯಾನವೊಂದರ ಬೆಟ್ಟದಲ್ಲಿ ಒಂದು ದಿನ ನಡೆಯುವುದು. ಹೀಗೆ ಹೋಗಲು ಅನೇಕರಿಗೆ ಮನಸ್ಸಿದ್ದರೂ ಸಂಕೋಚವಿರುತ್ತದೆ. ಕಾಡೆಂದರೆ ಏಕಾಂತ, ಅಲ್ಲಿಗೆ ಗುಂಪು ಕಟ್ಟಿಕೊಂಡು ಹೋಗುವುದೇ, ಅದೂ ಚೀಟಿ ಪಡೆದು, ಇನ್ನೊಬ್ಬನ ಅಪ್ಪಣೆಯಂತೆ ನಡೆಯುವುದೇ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅನುಮತಿಯೇಕೆ, ತಂಡವೇಕೆ, ಮಾರ್ಗದರ್ಶಿಯೇಕೆ ಎಂಬ ಮೂರನ್ನೂ ಇಲ್ಲಿ ಒಂದೊಂದಾಗಿ ವಿಚಾರ ಮಾಡೋಣ.

ಮೊದಲು ಸ್ಥಳದ ಪರಿಚಯ. ಕಾರವಾರದ ಕಡಲ ದಂಡೆಯಲ್ಲಿ ನಿಂತವರಿಗೆ ಕಾಳಿ ನದಿ ತನ್ನ ಪಯಣದ ಕೊನೆಯಲ್ಲಷ್ಟೇ ಕಾಣಸಿಗುತ್ತದೆ. ರವೀಂದ್ರನಾಥ ಠಾಕೂರರು ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಾಗ, ಒಂದು ಬೆಳದಿಂಗಳ ರಾತ್ರಿ ಈ ನದಿಯಲ್ಲಿ ದೋಣಿಯೇರಿ, ಶಿವಾಜಿಯ ಕಾಲದ ಗಿರಿದುರ್ಗವೊಂದರ ಬುಡದವರೆಗೆ ಹೋಗಿ ಬಂದುದನ್ನು ತಮ್ಮ ಜೀವನಸ್ಮೃತಿಯಲ್ಲಿ ಬರೆದಿದ್ದಾರೆ. ಅವರು ಕಂಡದ್ದು ನದಿಯ ವಿಶಾಲವಾದ ಕೊನೆಯನ್ನು. ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿ ಹುಟ್ಟಿ, ಸುಮಾರು 184 ಕಿಲೋಮೀಟರ್ ಹರಿದು ಬರುವ ಕಾಳಿಯ ಉಳಿದ ಬದುಕೆಲ್ಲ ಕಾಡು ಮತ್ತು ಕಣಿವೆಗಳದ್ದು. ಕಾರವಾರದಿಂದ ಕದ್ರಾದ ಮೇಲೆ ಘಟ್ಟದ ತಿರುವುಗಳನ್ನು ಏರಿದರೆ ಅಣಶಿ ಸಿಗುತ್ತದೆ. ದಾಂಡೇಲಿ ಅಭಯಾರಣ್ಯದ ಒಂದು ಭಾಗವನ್ನು ಬೇರ್ಪಡಿಸಿ 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನವನ್ನು ರೂಪಿಸಲಾಯಿತು. ಅದರ ವಿಸ್ತಾರ ಸುಮಾರು 340 ಚದರ ಕಿಲೋಮೀಟರ್. 2007ರಲ್ಲಿ ಅಣಶಿ ಮತ್ತು ದಾಂಡೇಲಿಗಳೆರಡನ್ನೂ ಕೂಡಿಸಿ ಹುಲಿ ಸಂರಕ್ಷಿತ ಪ್ರದೇಶವೆಂದು ಸಾರಲಾಯಿತು. 2015ರಲ್ಲಿ ಅದಕ್ಕೆ ಕಾಳಿಯ ಹೆಸರೇ ಬಂದಿತು. ಕರಾವಳಿಯ ಬಿಸಿಲಿನಿಂದ ಹೊರಟವನು ಒಂದೆರಡು ಗಂಟೆಯ ಪ್ರಯಾಣದಲ್ಲಿ ಹುಲಿಯ ನಾಡಿನ ಬಾಗಿಲಿಗೆ ಬಂದು ನಿಲ್ಲುವ ಊರುಗಳು ಹೆಚ್ಚಿಲ್ಲ. ಕಾರವಾರ ಅವುಗಳಲ್ಲಿ ಒಂದು.

ಇನ್ನು ಅನುಮತಿಯ ಮಾತು. ರಾಷ್ಟ್ರೀಯ ಉದ್ಯಾನವೆಂಬ ಕಲ್ಪನೆ ಅಮೆರಿಕದಲ್ಲಿ 1872ರಲ್ಲಿ, ಯೆಲ್ಲೋಸ್ಟೋನ್ ಪ್ರದೇಶವನ್ನು ಕಾದಿರಿಸಿದಾಗ ಹುಟ್ಟಿತು. ಅದೇ ಹೆಸರು ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಅರ್ಥವನ್ನು ಪಡೆಯಿತು. ಇಂಗ್ಲೆಂಡಿನಲ್ಲಿ 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಕಡೆಯ ನೂರಾರು ಕೆಲಸಗಾರರು, ಜಮೀನುದಾರರು ಬೇಟೆಗಾಗಿ ಮುಚ್ಚಿಟ್ಟಿದ್ದ ಕಿಂಡರ್ ಸ್ಕೌಟ್ ಎಂಬ ಗುಡ್ಡವನ್ನು ಗುಂಪಾಗಿ ಹತ್ತಿದರು. ಐವರು ಸೆರೆಮನೆ ಕಂಡರು. ಆ ಬಗೆಯ ಒತ್ತಾಯಗಳ ಫಲವಾಗಿ 1949ರಲ್ಲಿ ಕಾನೂನು ಬಂದು, 1951ರಲ್ಲಿ ಅದೇ ಗುಡ್ಡವಿರುವ ಪ್ರದೇಶ ಅಲ್ಲಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿ ಉದ್ಯಾನವೆಂದರೆ ಹಳ್ಳಿಗಳೂ ಹೊಲಗಳೂ ಇರುವ, ಜನ ನಡೆಯುವ ಹಕ್ಕನ್ನು ಪಡೆದ ನೆಲ.

ನಮ್ಮಲ್ಲಿ ಹಾಗಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಉದ್ಯಾನವು ಮೊದಲು ಕಾಡುಪ್ರಾಣಿಗಳ ಮನೆ. ಅಲ್ಲಿ ದನ ಮೇಯಿಸುವಂತಿಲ್ಲ, ಬೆಂಕಿ ಹಚ್ಚುವಂತಿಲ್ಲ, ಅಪ್ಪಣೆಯಿಲ್ಲದೆ ಆಯುಧ ಒಯ್ಯುವಂತಿಲ್ಲ, ಪರವಾನಗಿಯಿಲ್ಲದೆ ಹೊರಗಿನವರು ಕಾಲಿಡುವಂತಿಲ್ಲ. ಅಧ್ಯಯನ, ಛಾಯಾಚಿತ್ರ, ಪ್ರವಾಸ ಮೊದಲಾದ ಕೆಲವು ಉದ್ದೇಶಗಳಿಗೆ ಮಾತ್ರ ಪರವಾನಗಿ ಕೊಡಲು ಅವಕಾಶವಿದೆ. ಹುಲಿ ಸಂರಕ್ಷಿತ ಪ್ರದೇಶದಲ್ಲಿ ಈ ಬಿಗಿ ಇನ್ನೂ ಹೆಚ್ಚು: ಅರಣ್ಯ ಇಲಾಖೆ ಗೊತ್ತುಪಡಿಸಿದ ಜಾಡಿನಲ್ಲಿ, ಇಲಾಖೆ ಒಪ್ಪಿದ ಮಾರ್ಗದರ್ಶಿಯೊಡನೆ ಮಾತ್ರ ನಡೆಯಬೇಕು. ಹೀಗಾಗಿ ಚೀಟಿಯನ್ನು ಸಿನಿಮಾದ ಟಿಕೇಟಿನಂತೆ ಕಾಣುವುದು ತಪ್ಪಾಗುತ್ತದೆ. ಹಣ ಕೊಟ್ಟು ನಾವು ಕಾಡನ್ನು ಕೊಳ್ಳುವುದಿಲ್ಲ. ಮನೆಯವರು ಬೇರೆಯಿರುವ ಮನೆಯೊಳಗೆ ಅತಿಥಿಗಳಾಗಿ ಹೋಗುತ್ತೇವೆ.

ಅತಿಥಿಗಳು ಮಿತಿಮೀರಿದರೆ ಏನಾಗುತ್ತದೆ ಎಂಬುದನ್ನು 2024ರ ಜನವರಿಯಲ್ಲಿ ಕಂಡೆವು. ಗಣರಾಜ್ಯೋತ್ಸವದ ರಜೆಯಲ್ಲಿ ಸುಬ್ರಹ್ಮಣ್ಯದ ಕುಮಾರಪರ್ವತದ ಬುಡದಲ್ಲಿ ಸಾವಿರಾರು ಮಂದಿ ನೆರೆದರು. ಅದರ ಬೆನ್ನಿಗೆ ಸರ್ಕಾರ ಅನೇಕ ಚಾರಣ ಪಥಗಳನ್ನು ಕೆಲಕಾಲ ಮುಚ್ಚಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ಮೊದಲೇ ಹೆಸರು ನೋಂದಾಯಿಸಿ ಸ್ಥಳ ಕಾದಿರಿಸಿಕೊಳ್ಳುವ ‘ಅರಣ್ಯ ವಿಹಾರ’ ಎಂಬ ಗಣಕ ವ್ಯವಸ್ಥೆ ಜಾರಿಗೆ ಬಂದಿತು; ಒಂದು ಪಥದಲ್ಲಿ ದಿನಕ್ಕೆ 300ಕ್ಕಿಂತ ಹೆಚ್ಚು ಜನರನ್ನು ಬಿಡುವುದಿಲ್ಲವೆಂದೂ ಆಗ ಪ್ರಕಟಿಸಲಾಯಿತು. ನಮ್ಮ ಅಣಶಿಯಂತೆಯೇ 1987ರಲ್ಲಿ ಉದ್ಯಾನವಾದ ಕುದುರೆಮುಖದಲ್ಲಿ ಶಿಖರಕ್ಕೆ ಹೋದವರು ಅದೇ ದಿನ ಇಳಿದು ಬರಬೇಕು, ಮೇಲೆ ತಂಗುವಂತಿಲ್ಲ ಎಂಬ ನಿಯಮವಿದೆ. ಇವೆಲ್ಲ ನಮ್ಮನ್ನು ತಡೆಯಲು ಹೂಡಿದ ಕಟ್ಟಳೆಗಳೆಂದು ಕೆಲವರು ಮುನಿಸಿಕೊಳ್ಳುವುದುಂಟು. ಸಾವಿರ ಜನರ ಕಾಲಡಿಯಲ್ಲಿ ಒಂದು ಮಳೆಗಾಲಕ್ಕೆ ಕೊಚ್ಚಿಹೋಗುವ ಕಾಲುಹಾದಿಯನ್ನು ಕಂಡವರು ಮುನಿಯಲಾರರು.

ತಂಡವೇಕೆ ಎಂಬುದು ಎರಡನೆಯ ಪ್ರಶ್ನೆ. ಸುರಕ್ಷತೆಗಾಗಿ ಎಂಬುದು ಸುಲಭವಾದ ಉತ್ತರ. ಆದರೆ ತಂಡವೆಂದ ಮಾತ್ರಕ್ಕೆ ಸುರಕ್ಷತೆ ತಾನಾಗಿ ಬರುವುದಿಲ್ಲ. ಅದು ತಂಡದ ನಡಿಗೆಯ ಕ್ರಮವನ್ನು ಅವಲಂಬಿಸಿದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ ಎಂಬಾತ 1892ರಲ್ಲಿ ಒಂದು ಸರಳ ಲೆಕ್ಕವನ್ನು ಹಾಕಿಕೊಟ್ಟ: ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಏರುವ ಪ್ರತಿ 2000 ಅಡಿಗೆ ಇನ್ನೊಂದು ಗಂಟೆ. ಹೋಗಿ ಬರುವ ದಾರಿ 10 ಮೈಲಿ, ಅಂದರೆ 16 ಕಿಲೋಮೀಟರ್, ಏರು 2000 ಅಡಿ ಎಂದುಕೊಂಡರೆ ನಾಲ್ಕು ಗಂಟೆ ಇಪ್ಪತ್ತು ನಿಮಿಷ ಆಯಿತು. ಆದರೆ ಇದು ತಂಪು ನಾಡಿನ ಗಟ್ಟಿಗರ ಲೆಕ್ಕ. ನಮ್ಮ ಘಟ್ಟದ ಪಾದದಲ್ಲಿ ಮೈಯ ಬೆವರು ಆರುವುದೇ ಇಲ್ಲ. ಇದಕ್ಕೆ ಅರ್ಧದಷ್ಟನ್ನು ಕೂಡಿಸಿ ಆರೂವರೆ ಗಂಟೆ ಎಂದಿಟ್ಟುಕೊಳ್ಳುವುದು ಲೇಸು. ಬೆಳಗಿನ ಏಳಕ್ಕೆ ಹೊರಟು, ಊಟ ವಿಶ್ರಾಂತಿಗಳಿಗೆ ಒಂದೂವರೆ ಗಂಟೆ ಕಳೆದರೆ, ಮಧ್ಯಾಹ್ನ ಮೂರಕ್ಕೆ ಹಿಂದಿರುಗಬಹುದು. ಒಂಬತ್ತಕ್ಕೆ ಹೊರಟ ತಂಡ ಐದಕ್ಕೆ ಬಂದೀತು. ಆದರೆ ಒಬ್ಬನ ಕಾಲು ಉಳುಕಿದರೂ ಸಾಕು, ಕತ್ತಲೆ ಕಾಡಿನಲ್ಲಿಯೇ ಹಿಡಿಯುತ್ತದೆ. ಹಿಂದಿರುಗುವ ಹೊತ್ತನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಆ ಹೊತ್ತಾದೊಡನೆ, ಶಿಖರ ನೂರು ಮಾರು ದೂರವಿದ್ದರೂ, ತಿರುಗಲೇಬೇಕು.

ಇನ್ನೊಂದು ಸೂಕ್ಷ್ಮವಿದೆ. ಸಾಲಿನ ಮುಂದಿರುವ ಗಟ್ಟಿಗರು ಬೇಗ ಏರಿ ಒಂದು ಬಂಡೆಯ ಮೇಲೆ ಕುಳಿತು ದಣಿವಾರಿಸಿಕೊಳ್ಳುತ್ತಾರೆ. ಹಿಂದಿನವನು ಏದುಸಿರು ಬಿಡುತ್ತಾ ಅವರನ್ನು ಸೇರುತ್ತಾನೆ. ಅವನು ಬಂದೊಡನೆ, ‘ಎಲ್ಲರೂ ಬಂದರು, ಇನ್ನು ಹೊರಡೋಣ’ ಎಂದು ಮುಂದಿನವರು ಏಳುತ್ತಾರೆ. ಇದರ ಫಲವೇನು? ವಿಶ್ರಾಂತಿ ಬೇಡದವನಿಗೆ ಹತ್ತು ನಿಮಿಷ ಸಿಕ್ಕಿತು. ಬೇಕಾದವನಿಗೆ ಒಂದು ನಿಮಿಷವೂ ಸಿಗಲಿಲ್ಲ. ಹೀಗೆ ನಾಲ್ಕು ಸಲ ಆದರೆ ಆ ಮನುಷ್ಯ ಕುಸಿಯುತ್ತಾನೆ, ಮತ್ತು ಅವನೊಡನೆ ತಂಡವೂ ನಿಲ್ಲುತ್ತದೆ. ಇದನ್ನು ಬಲ್ಲ ಮಾರ್ಗದರ್ಶಿ ಎರಡು ಕೆಲಸ ಮಾಡುತ್ತಾನೆ. ಎಲ್ಲರಿಗಿಂತ ನಿಧಾನ ನಡೆಯುವವನನ್ನು ತನ್ನ ಬೆನ್ನಿಗೇ ಇರಿಸಿಕೊಳ್ಳುತ್ತಾನೆ. ಸಾಲಿನ ಕೊನೆಗೆ, ಔಷಧಿಯ ಚೀಲವನ್ನೂ ಒಂದು ಸೀಟಿಯನ್ನೂ ಕೊಟ್ಟು, ಅನುಭವವುಳ್ಳ ಒಬ್ಬನನ್ನು ನಿಲ್ಲಿಸುತ್ತಾನೆ. ವಿಶ್ರಾಂತಿಯ ಗಳಿಗೆಯನ್ನು ಕೊನೆಯವನು ಕುಳಿತ ಮೇಲೆ ಎಣಿಸತೊಡಗುತ್ತಾನೆ. ತಂಡದೊಡನೆ ಹೋಗುವುದೆಂದರೆ ನಮ್ಮ ವೇಗವನ್ನು ಇನ್ನೊಬ್ಬರ ಉಸಿರಿಗೆ ಒಪ್ಪಿಸಿಕೊಡುವುದು. ಗಟ್ಟಿಗನಿಗೆ ಇದು ನಷ್ಟವೆನಿಸೀತು. ಆದರೆ ನಿಧಾನ ನಡೆದಾಗಲೇ ಅವನಿಗೆ ಬೀಟೆ, ಮತ್ತಿ, ಕಿಂದಳಗಳ ತೊಗಟೆಯ ವ್ಯತ್ಯಾಸ ಕಾಣುವುದು.

ಮೂರನೆಯದು ಮಾರ್ಗದರ್ಶಿಯ ಮಾತು. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳು ಇದೇ.

ಪಟ್ಟಣದ ಚಾರಣಿಗನು ‘ಇನ್ನೆಷ್ಟು ದೂರ ಮಾರಾಯ್ರೆ?’ ಎಂದು ಕೇಳಿದರೆ, ‘ಇಲ್ಲೇ ಹತ್ತಿರ’ ಎಂಬ ಉತ್ತರ ಬರುತ್ತದೆ. ಒಂದು ಗಂಟೆ ನಡೆದ ಮೇಲೂ ಅದೇ ಉತ್ತರ. ಇದರ ಬಗ್ಗೆ ನಗೆಮಾತುಗಳಿವೆ. ಆದರೆ ಅವರು ಸುಳ್ಳು ಹೇಳಿರುವುದಿಲ್ಲ. ನಮಗೆ ದೂರವೆಂದರೆ ಕಿಲೋಮೀಟರು; ಅವರಿಗೆ ದೂರವೆಂದರೆ ದಿನದಲ್ಲಿ ಉಳಿದಿರುವ ಬೆಳಕು, ದಾಟಬೇಕಾದ ಹಳ್ಳ, ಹೆಗಲ ಮೇಲಿನ ಹೊರೆ. ಹೊರೆಯಿಲ್ಲದೆ, ಬೆಳಕಿರುವಾಗ, ನೀರಿಲ್ಲದ ಹಳ್ಳವನ್ನು ದಾಟುವುದಿದ್ದರೆ ಎಲ್ಲವೂ ಹತ್ತಿರವೇ.

ಈ ಅಳತೆಗೋಲು ಶಾಲೆಯಲ್ಲಿ ಸಿಗುವುದಲ್ಲ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರನ್ನು ನೆನೆಯಿರಿ. ಹಾಲಕ್ಕಿ ಒಕ್ಕಲಿಗ ಸಮುದಾಯದ ಈ ತಾಯಿ ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ಕೂಲಿಯಾಗಿ ಸೇರಿ, ದಶಕಗಳ ಕಾಲ ದುಡಿದು, ಯಾವ ಜಾತಿಯ ಮರದ ತಾಯಿಮರ ಕಾಡಿನಲ್ಲಿ ಎಲ್ಲಿದೆ, ಅದರ ಬೀಜವನ್ನು ಯಾವಾಗ ಆಯ್ದರೆ ಮೊಳೆತೀತು ಎಂಬುದನ್ನು ಬಲ್ಲವರಾಗಿದ್ದರು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನಕ್ಕೆ ಅವರು ಬರಿಗಾಲಲ್ಲಿಯೇ ನಡೆದು ಹೋಗಿ ಪದ್ಮಶ್ರೀ ಪಡೆದುದನ್ನು ದೇಶವೆಲ್ಲ ನೋಡಿತು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅಂಥ ಅರಿವಿನ ಒಂದಂಶವನ್ನಾದರೂ ಹೊತ್ತವರು ನಮ್ಮ ಕಾಡಂಚಿನ ಊರುಗಳಲ್ಲಿ ಇನ್ನೂ ಇದ್ದಾರೆ. ಜೋಯಿಡಾದ ಕುಣಬಿಗಳಲ್ಲಿ, ಗೌಳಿಗಳಲ್ಲಿ, ಅಂಕೋಲೆಯ ಹಾಲಕ್ಕಿಗಳಲ್ಲಿ. ಮಾರ್ಗದರ್ಶಿಗಳಾಗಿ ನಮ್ಮ ಮುಂದೆ ನಡೆಯಬಲ್ಲವರು ಇವರೇ ಮತ್ತು ಇವರ ಮಕ್ಕಳೇ.

ಇಲ್ಲಿ ಒಂದು ಕಹಿಯಾದ ಸಂಗತಿಯನ್ನೂ ಹೇಳಬೇಕು. ನಾವು ಚೀಟಿ ಪಡೆದು ಹವ್ಯಾಸಕ್ಕೆಂದು ನಡೆಯುವ ಜಾಡು ಅವರ ಹಿರಿಯರು ಬದುಕಿಗೆಂದು ಸವೆಸಿದ ಜಾಡು. ಕಾಡು ಉದ್ಯಾನವಾದಾಗ, ಆಮೇಲೆ ಹುಲಿಯ ನೆಲವಾದಾಗ, ಮೇವು, ಸೊಪ್ಪು, ಗೆಡ್ಡೆಗೆಣಸುಗಳಿಗಾಗಿ ಅವರು ಹೋಗುತ್ತಿದ್ದ ಎಷ್ಟೋ ದಾರಿಗಳು ಮುಚ್ಚಿದವು. ಹುಲಿ ಸಂರಕ್ಷಿತ ಪ್ರದೇಶದ ಒಳಗಿನಿಂದ ಸ್ವಇಚ್ಛೆಯಿಂದ ಹೊರಬರುವ ಕುಟುಂಬಕ್ಕೆ ಮೊದಲು 10 ಲಕ್ಷ, 2021ರಿಂದ 15 ಲಕ್ಷ ರೂಪಾಯಿಯ ಪರಿಹಾರವೆಂದು ಗೊತ್ತುಮಾಡಲಾಗಿದೆ. ಹೊರಟವರಿದ್ದಾರೆ, 2006ರ ಅರಣ್ಯ ಹಕ್ಕು ಕಾಯ್ದೆಯನ್ನು ನಂಬಿ ಉಳಿದವರೂ ಇದ್ದಾರೆ. ಹುಲಿಗೆ ನೆಲೆ ಬೇಕೆಂಬುದೂ ನಿಜ, ಮನುಷ್ಯನಿಗೆ ನೆಲ ಬೇಕೆಂಬುದೂ ನಿಜ. ಇದರ ತೀರ್ಮಾನ ಚಾರಣಿಗನ ಕೈಯಲ್ಲಿಲ್ಲ. ಆದರೆ ಊರವನಿಗೆ ಮುಚ್ಚಿದ ದಾರಿ ಪಟ್ಟಣಿಗನಿಗೆ ತೆರೆದಿದೆ ಎಂಬ ಅರಿವಾದರೂ ಅವನಿಗಿರಬೇಕು. ಹಾಗಿದ್ದಲ್ಲಿ ಮಾರ್ಗದರ್ಶಿಯ ಸಂಬಳದಲ್ಲಿ ಅವನು ಚೌಕಾಶಿ ಮಾಡಲಾರ. ‘ಏ, ಬಾರೋ ಇಲ್ಲಿ’ ಎಂದು ಕೂಗಲಾರ. ಹೆಸರು ಕೇಳಿ ತಿಳಿದುಕೊಂಡು ಹೆಸರಿನಿಂದ ಕರೆಯುವನು. ಹಾಲಕ್ಕಿ ಹಿರಿಯರಾದರೆ ‘ಗೌಡ್ರೇ’ ಎಂದು ಮಾತನಾಡಿಸುವನು. ‘ಇಂದು ಮುಂದೆ ಹೋಗುವುದು ಬೇಡ’ ಎಂದು ಆತ ಹೇಳಿದಾಗ, ಆ ಮಾತಿನ ಹಿಂದೆ ಆನೆಯ ಲದ್ದಿಯೋ ಮೇಲಿನ ಮಳೆಯೋ ಇದ್ದೀತೆಂದು ತಿಳಿದು ಸುಮ್ಮನೆ ಹಿಂದಿರುಗುವನು.

ಮೌನದ ವಿಷಯವಾಗಿಯೂ ಮಾರ್ಗದರ್ಶಿಯ ಮಾತು ಹಾಗೆಯೇ. ಗದ್ದಲ ಬೇಡವೆಂದರೆ ನಮಗೆ ಅದು ಶಿಷ್ಟಾಚಾರದ ಮಾತಾಗಿ ಕೇಳುತ್ತದೆ. ಜೋಯಿಡಾ, ದಾಂಡೇಲಿಯ ಕಾಡುಗಳು ಮಂಗಟ್ಟೆ ಹಕ್ಕಿಗಳಿಗೆ ಹೆಸರಾದುವು. ಬೇಸಿಗೆಯಲ್ಲಿ ಹೆಣ್ಣು ಹಕ್ಕಿ ದೊಡ್ಡ ಮರದ ಪೊಟರೆಯೊಳಗೆ ಹೊಕ್ಕು, ಕೊಕ್ಕು ತೂರುವಷ್ಟು ಸೀಳನ್ನು ಬಿಟ್ಟು ಬಾಗಿಲನ್ನು ಮುಚ್ಚಿಕೊಳ್ಳುತ್ತದೆ. ಮೊಟ್ಟೆಯಿಟ್ಟು ಮರಿ ಮಾಡುವ ಆ ವಾರಗಳಲ್ಲೆಲ್ಲ ಅದಕ್ಕೂ ಮರಿಗೂ ಗಂಡು ಹಕ್ಕಿ ತಂದ ಹಣ್ಣೇ ಆಹಾರ. ಮರದ ಕೆಳಗೆ ಹತ್ತು ಜನ ನಿಂತು ಹರಟಿದರೆ ಗಂಡು ಹತ್ತಿರ ಸುಳಿಯುವುದಿಲ್ಲ. ನಾವು ಅರ್ಧ ಗಂಟೆ ಸಂತೋಷಪಟ್ಟು ಬಂದಿರುತ್ತೇವೆ; ಪೊಟರೆಯೊಳಗಿನ ಸೆರೆಯಾಳು ಅಷ್ಟು ಹೊತ್ತು ಹಸಿದಿರುತ್ತದೆ.

ಇನ್ನು ಹೊರಡುವವರಿಗೆ ಕೆಲವು ವ್ಯಾವಹಾರಿಕ ಮಾತುಗಳು. ಮೊದಲು ಒಂದು ತಿಂಗಳು ಊರ ಸುತ್ತಲಿನ ಗುಡ್ಡಗಳಲ್ಲಿ ಕಾಲನ್ನು ಪಳಗಿಸಿಕೊಳ್ಳಿ. ಕಾರವಾರದವರಿಗೆ ಗುಡ್ಡೆಹಳ್ಳಿಯ ಬೆಟ್ಟವೇ ಇದೆ. ಅದೂ ಅರಣ್ಯವೇ ಆದುದರಿಂದ ಇಲಾಖೆಯವರನ್ನು ಕೇಳಿಯೇ ಹೋಗಿ. ಹೊಸ ಪಾದರಕ್ಷೆಯನ್ನು ಚಾರಣದ ದಿನ ಮೊದಲ ಸಲ ತೊಡಬೇಡಿ. ಬಣ್ಣ ಮಾಸಲಾದ, ಮೈತುಂಬ ಮುಚ್ಚುವ ಹತ್ತಿಬಟ್ಟೆ ಒಳ್ಳೆಯದು. ಎರಡು ಲೀಟರ್ ನೀರು, ಅವಲಕ್ಕಿ, ಬೆಲ್ಲ, ಬಾಳೆಹಣ್ಣು, ಒಂದು ಚಿಟಿಕೆ ಉಪ್ಪು ಹಾಕಿದ ಮುರುಗಲ ಪಾನಕ. ಇಷ್ಟಿದ್ದರೆ ಒಂದು ದಿನಕ್ಕೆ ಸಾಕು. ಒಯ್ದದ್ದರ ಕಾಗದ, ಸಿಪ್ಪೆ, ಚೀಲಗಳೆಲ್ಲ ನಿಮ್ಮೊಡನೆಯೇ ಹಿಂದಿರುಗಬೇಕು.

ಮಳೆ ಬಿದ್ದ ಕಾಡಿನಲ್ಲಿ ಉಂಬಳಗಳು ತಪ್ಪುವುದಿಲ್ಲ. ಅವು ರಕ್ತ ಹೀರುತ್ತವೆಯೇ ಹೊರತು ರೋಗ ತರುವುದಿಲ್ಲ. ಉಪ್ಪೋ ಸುಣ್ಣವೋ ತಾಗಿಸಿದರೆ ಬಿಡುತ್ತವೆ. ನಿಜವಾಗಿ ಎಚ್ಚರ ಬೇಕಾದುದು ಉಣುಗಿನ ವಿಷಯದಲ್ಲಿ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆಯನ್ನು ಹರಡುವುದು ಕಣ್ಣಿಗೆ ಕಾಣದಷ್ಟು ಸಣ್ಣದಾದ ಈ ಉಣುಗಿನ ಮರಿಯೇ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಕಾಲ. ಚಾರಣದ ಕಾಲವೂ ಅದೇ ಎಂಬುದನ್ನು ಮರೆಯಬಾರದು. ಒಣಎಲೆಯ ಮೇಲೆ ಕೂರಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಮನೆಗೆ ಬಂದೊಡನೆ ಬಿಸಿನೀರಿನಲ್ಲಿ ಮಿಂದು, ಬಟ್ಟೆಗಳನ್ನು ಕುದಿನೀರಿಗೆ ಹಾಕಿ. ವಾರದೊಳಗೆ ಜ್ವರ ಬಂದರೆ, ಕಾಡಿಗೆ ಹೋಗಿದ್ದೆನೆಂದು ವೈದ್ಯರಿಗೆ ಮರೆಯದೆ ಹೇಳಿ.

ಋತುವಿನ ಲೆಕ್ಕವೂ ಮುಖ್ಯ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಜಾರಿ ಗಂಗಾವಳಿಗೆ ಇಳಿದು ಹಲವರ ಪ್ರಾಣ ತೆಗೆದುದನ್ನು ನಾವಾರೂ ಮರೆತಿಲ್ಲ. ನೀರು ಕುಡಿದು ಭಾರವಾದ ಗುಡ್ಡ ಯಾವ ಮುನ್ಸೂಚನೆಯನ್ನೂ ಕೊಡದೆ ಜಾರಬಲ್ಲದು. ಆ ತಿಂಗಳುಗಳಲ್ಲಿ ಘಟ್ಟದ ಇಳಿಜಾರು ಚಾರಣಕ್ಕಲ್ಲ. ಬೇಸಿಗೆಯ ಅಪಾಯ ಬೇರೆ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿಯ ಬೆಟ್ಟದಲ್ಲಿ ಒಣಹುಲ್ಲಿಗೆ ಬಿದ್ದ ಬೆಂಕಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಚಾರಣಿಗರನ್ನು ಬಲಿ ತೆಗೆದುಕೊಂಡಿತು. ಬೆಂಕಿ ಏರುಮುಖವಾಗಿ ಮನುಷ್ಯನಿಗಿಂತ ವೇಗವಾಗಿ ಓಡುತ್ತದೆ. ಕಾಡಿನಲ್ಲಿ ಬೀಡಿ ಸಿಗರೇಟು ಸೇದಬಾರದೆಂಬ ಮಾತಿನ ಅರ್ಥ ಇಲ್ಲಿದೆ. ಮಳೆ ನಿಂತು ನೆಲ ಆರಿದ, ಹುಲ್ಲು ಇನ್ನೂ ಒಣಗದ ನವೆಂಬರ್, ಡಿಸೆಂಬರ್ ದಿನಗಳೇ ನಮ್ಮ ಬೆಟ್ಟಗಳಿಗೆ ಪ್ರಶಸ್ತವಾದುವು.

ಕೊನೆಯದಾಗಿ, ಹೀಗೆಲ್ಲ ಕಟ್ಟುಪಾಡಿನಲ್ಲಿ ನಡೆದು ಬಂದರೆ ಆಗುವ ಲಾಭವೇನು ಎಂದು ಕೇಳಬಹುದು. ನಮ್ಮ ಜಿಲ್ಲೆಯ ಇತಿಹಾಸದಲ್ಲಿಯೇ ಅದಕ್ಕೆ ಉತ್ತರವಿದೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನ ಒಟ್ಟಾಗಿ ಕಾಡಿಗೆ ನಡೆದು ಹೋಗಿ, ಕಡಿಯಲಿದ್ದ ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೋ ಚಳವಳಿ ಹುಟ್ಟಿದ್ದು ಹಾಗೆ. 1987ರ ನವೆಂಬರಿನಲ್ಲಿ, ಪಶ್ಚಿಮ ಘಟ್ಟಗಳನ್ನು ಉಳಿಸಿರೆಂದು ಒಂದು ತಂಡ ಕನ್ಯಾಕುಮಾರಿಯಿಂದ, ಇನ್ನೊಂದು ಮಹಾರಾಷ್ಟ್ರದ ಉತ್ತರದ ಅಂಚಿನಿಂದ ಹೊರಟು, ಸುಮಾರು ನೂರು ದಿನ ಘಟ್ಟದುದ್ದಕ್ಕೂ ನಡೆದು, 1988ರ ಫೆಬ್ರುವರಿಯಲ್ಲಿ ಗೋವೆಯಲ್ಲಿ ಕೂಡಿಕೊಂಡವು. ಆ ಎರಡು ನಡಿಗೆಗಳಲ್ಲಿಯೂ ಕಾಡನ್ನು ಕುರಿತ ಮಾತಿಗೆ ಬಲ ಬಂದದ್ದು ಕಾಲಿನಿಂದ. ನಡೆದು ಕಂಡವನು ನಕ್ಷೆಯ ಮೇಲಿನ ಹಸಿರು ಬಣ್ಣವನ್ನು ಬೇರೆ ರೀತಿಯಲ್ಲಿ ನೋಡುತ್ತಾನೆ. ಅಲ್ಲಿ ಹಳ್ಳವಿದೆ, ಪೊಟರೆಯಿದೆ, ಕುಣಬಿಯ ಮನೆಯೂ ಇದೆ ಎಂದು ಅವನಿಗೆ ಗೊತ್ತು. ನಾಳೆ ಆ ಕಾಡಿನ ಬಗ್ಗೆ ಯಾವುದೇ ನಿರ್ಧಾರವಾಗುವಾಗ ಅವನು ಸುಮ್ಮನಿರಲಾರ.

ಏಕಾಂತವನ್ನು ಬಯಸಿದವನಿಗೆ ತಂಡ ಒಂದು ಭಾರವೆಂದು ತೋರುವುದು ಸಹಜ. ಆದರೆ ಬೆಟ್ಟದ ಮೇಲೆ ಒಂಟಿಯಾಗಿ ನಿಂತವನು ತನ್ನನ್ನೇ ಹೆಚ್ಚಾಗಿ ಕಾಣುತ್ತಾನೆ. ಸಾಲಿನಲ್ಲಿ ನಡೆದವನು ಮುಂದೆ ಕಾಡನ್ನು ಬಲ್ಲವನ ಬೆನ್ನನ್ನೂ ಹಿಂದೆ ತನಗಿಂತ ದಣಿದವನ ಉಸಿರನ್ನೂ ಕೇಳುತ್ತಾ ಹೋಗುತ್ತಾನೆ. ಅವೆರಡರ ನಡುವೆ ಒಂದು ದಿನ ನಡೆಯುವುದನ್ನು ಕಲಿತರೆ, ಶಿಖರ ಸಿಕ್ಕಿದರೂ ಸಿಗದಿದ್ದರೂ ಆ ದಿನ ವ್ಯರ್ಥವಾಗಲಿಲ್ಲ.